‘ಸರ್ವರ್ ಸ್ಲೋ’ ಅಂದರೆ ಮಳೆಯೇ?

ಮಾನ್ಯ ಸಂಪಾದಕರೇ,

ಕಳೆದ ಸೋಮವಾರ ಅಪ್ಪನನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ‘ಸರ್ವರ್ ಸ್ಲೋ ಇದೆ, ಊಟ ಆದ್ಮೇಲೆ ಬನ್ನಿ’ ಅಂದರು. ಮಳೆ ಬಂತು ಅಂದಷ್ಟೇ ಸಲೀಸಾಗಿ ಒಪ್ಪಿಕೊಂಡ ಅಪ್ಪ ಮೂಲೆಯ ಬೆಂಚಿಗೆ ಹೋಗಿ ಕೂತರು. ನನಗೆ ಕೂರಲಾಗಲಿಲ್ಲ. ಹನ್ನೊಂದು ವರ್ಷದಿಂದ ಡೇಟಾಬೇಸ್ (ಕಂಪ್ಯೂಟರಿನಲ್ಲಿ ದಾಖಲೆಗಳನ್ನು ಜೋಡಿಸಿಡುವ ವ್ಯವಸ್ಥೆ) ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು.

ಕೌಂಟರಿನಲ್ಲಿ ಇಣುಕಿದೆ. ಮೊಬೈಲ್ ನಂಬರ್ ಹೊಡೆದು ಹುಡುಕಿದರೆ ಚಕ್ರ ತಿರುಗುತ್ತಲೇ ಇತ್ತು. ಅರ್ಜಿ ಸಂಖ್ಯೆ ಹೊಡೆದರೆ ತಟ್ಟನೆ ಬರುತ್ತಿತ್ತು. ಸರ್ವರ್‌ಗೇ ಸುಸ್ತಾಗಿದ್ದರೆ ಎರಡೂ ತಡವಾಗಬೇಕಲ್ಲ?

ನಮ್ಮ ಆಫೀಸಿನಲ್ಲೂ ಒಮ್ಮೆ ಥೇಟ್ ಹೀಗೇ ಆಗಿತ್ತು. ಫೋನ್ ನಂಬರಿನ ಕಾಲಂ ಅಕ್ಷರರೂಪದ್ದು, ಕೋಡ್ ಬರೆದ ಹುಡುಗ ನಂಬರನ್ನು ಕೋಟ್ (ಉದ್ಧರಣ ಚಿಹ್ನೆ) ಇಲ್ಲದೆ, ಅಂದರೆ ಬರೀ ಅಂಕಿಯಾಗಿ ಕಳಿಸಿದ್ದ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಹಾಗೆ ಮಾಡಿದರೆ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಇದ್ದೂ ಇಲ್ಲದಂತೆ. ಒಂದು ನಂಬರಿಗಾಗಿ ಇಡೀ ಟೇಬಲ್ (ದಾಖಲೆಗಳ ಪಟ್ಟಿ) ಓದುತ್ತದೆ. ಆಚೀಚೆ ಕೋಟ್ ಹಾಕಿದೆವು, ಸರಿಹೋಯಿತು. (ಬೈಸಿಕೊಂಡವನು ಆ ಹುಡುಗ, ನೋಡದೆ ಪಾಸು ಮಾಡಿದವನು ನಾನು.)

‘ಸ್ಲೋ ಕ್ವೆರಿ ಲಾಗ್ ಇದೆಯಲ್ಲ’ ಅನ್ನುವವರಿದ್ದಾರೆ. ಕ್ವೆರಿ ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ತಡವಾದವನ್ನು ಬರೆದಿಡುವ ಕಡತವೇ ಈ ಲಾಗ್. ಮೈಎಸ್‌ಕ್ಯುಎಲ್‌ನಲ್ಲಿ ಅದು ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿ ಹಾಗೇ ಬಿಟ್ಟರೆ ಮಿತಿ 10 ಸೆಕೆಂಡ್. ಒಂಬತ್ತು ಸೆಕೆಂಡ್ ತಿನ್ನುವ ಕ್ವೆರಿಯ ಸುಳಿವೇ ಸಿಗದು. ಅಲ್ಲದೆ ಕ್ವೆರಿ ಮುಗಿದ ಮೇಲಷ್ಟೇ ಲಾಗ್‌ಗೆ ಬೀಳುತ್ತದೆ. ಈ ಕ್ಷಣ ಸಿಕ್ಕಿಕೊಂಡಿರುವುದು ಯಾವುದು, ಎಷ್ಟು ಸೆಕೆಂಡಿನಿಂದ ಎಂದು ತಿಳಿಯಲು ‘ಶೋ ಫುಲ್ ಪ್ರೊಸೆಸ್‌ಲಿಸ್ಟ್’ ಎಂಬ ಆದೇಶ ಕೊಡಬೇಕು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಆದರೆ ‘ಪಿಜಿ ಸ್ಟ್ಯಾಟ್ ಆಕ್ಟಿವಿಟಿ’ ಪಟ್ಟಿ ನೋಡಬೇಕು. ಎರಡಕ್ಕೂ ಬಿಡಿಗಾಸಿನ ಖರ್ಚಿಲ್ಲ. ನಾವು ಈ ಪಟ್ಟಿಯನ್ನು ಹತ್ತು ಸೆಕೆಂಡಿಗೊಮ್ಮೆ ಓದುವ ಸಣ್ಣ ಸ್ಕ್ರಿಪ್ಟ್ (ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ) ಬರೆದಿದ್ದೇವೆ. ಆಗ ಯಾವುದಾದರೂ ಕ್ವೆರಿ ಐದು ಸೆಕೆಂಡ್ ದಾಟಿದ್ದು ಕಂಡರೆ ಡ್ಯೂಟಿಯಲ್ಲಿರುವವನ ಫೋನ್ ಕಿರುಚುತ್ತದೆ. ರಾತ್ರಿ ಎರಡಕ್ಕೆ ಎದ್ದು ಶಪಿಸಿದ್ದೂ ಉಂಟು.

ನಾನು ನೋಡಿದ ಕರಾರುಗಳಲ್ಲಿ ಸರ್ವರ್ ಎಷ್ಟು ಹೊತ್ತು ಚಾಲೂ ಇರಬೇಕು ಎಂಬುದಷ್ಟೇ ಇರುತ್ತದೆ. ಅಂದು ಆ ಸರ್ವರ್ ಕೂಡ ಚಾಲೂ ಇತ್ತು, ಲೆಕ್ಕಕ್ಕೆ! ಕೌಂಟರಿನಲ್ಲಿ ಒಂದು ಹುಡುಕಾಟಕ್ಕೆ ಎಷ್ಟು ಸೆಕೆಂಡ್ ಹಿಡಿಯಬಹುದು, ಮೀರಿದರೆ ಯಾರ ಫೋನ್ ಹೊಡೆದುಕೊಳ್ಳಬೇಕು ಎಂದು ಕಚೇರಿಗಳು ಕರಾರಿನಲ್ಲೇ ಬರೆಸಿಕೊಳ್ಳಲಿ.

ಕಡೆಗೆ ಅಪ್ಪನ ಚೀಲ ತಡಕಿ ಹಳೇ ರಸೀದಿ ತೆಗೆದೆ. ‘ಅರ್ಜಿ ಸಂಖ್ಯೆಯಲ್ಲೇ ಹುಡುಕಿ ಮೇಡಂ’ ಅಂದೆ. ಎರಡು ನಿಮಿಷದಲ್ಲಿ ಕೆಲಸ ಆಯಿತು. ಹಿಂದೆ ನಿಂತವರೆಲ್ಲ ತಮ್ಮ ತಮ್ಮ ಚೀಲಕ್ಕೆ ಕೈ ಹಾಕಿದರು.

– ಒಬ್ಬ ಡೇಟಾಬೇಸ್ ನೌಕರ, ತುಮಕೂರು