ಮಗಳಿಗೊಂದು ಪತ್ರ: ತಾತನ ಕೆಮ್ಮಿಗೆ 45 ಅಕ್ಷರ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ನಿನ್ನ ಫೋನ್ ಬಂದಾಗಿನಿಂದ ನನಗೆ ಸಮಾಧಾನವಿಲ್ಲ. ಕ್ಲಾಸಿನಲ್ಲಿ ಓದಲು ಎದ್ದು ನಿಂತೆ, ಒಂದು ಪದ ಬಾಯಲ್ಲಿ ಹೊರಳಲಿಲ್ಲ, ಹಿಂದಿನ ಬೆಂಚಿನವರು ನಕ್ಕರು ಅಂದೆ. "ಕನ್ನಡ ಮೀಡಿಯಂನಲ್ಲಿ ಓದಿ ನರ್ಸಿಂಗ್‌ಗೆ ಬರಬಾರದಿತ್ತಮ್ಮ" ಅಂದೆಯಲ್ಲ, ಆ ಮಾತು ಎದೆಯಲ್ಲಿ ಹಾಗೇ ಕೂತಿದೆ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಹೂಂ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನನ್ನು ಅಳಿಸಿದ್ದು ಸ್ಫಿಗ್ಮೋಮ್ಯಾನೋಮೀಟರ್, ಅಲ್ವಾ? ನಮ್ಮೂರ ಆಸ್ಪತ್ರೆಯಲ್ಲಿ ಎಲ್ಲರೂ ಬಿಪಿ ಮಷೀನ್ ಅನ್ನುತ್ತಾರಲ್ಲ, ಅದೇ. ಇಂಗ್ಲಿಷಿನಲ್ಲಿ 16 ಅಕ್ಷರ. ಮೊದಲ ಆರು ಅಕ್ಷರಗಳಲ್ಲಿ ಎ, ಇ, ಐ, ಓ, ಯು ಒಂದೂ ಇಲ್ಲ. ನಾಲಿಗೆ ತಡವರಿಸಿದರೆ ಅದು ನಿನ್ನ ತಪ್ಪಲ್ಲ. ಈಗ ಅದನ್ನು ಬಿಡಿಸಿ ನೋಡು. ಗ್ರೀಕಿನಲ್ಲಿ ಸ್ಫಿಗ್ಮೋಸ್ ಅಂದರೆ ನಾಡಿಬಡಿತ. ಮ್ಯಾನೋಮೀಟರ್ ಅಂದರೆ ಒತ್ತಡ ಅಳೆಯುವ ಸಾಧನ. ನಾಡಿಯ ಒತ್ತಡ ಅಳೆಯುವುದು, ಅಷ್ಟೇ.

ಉದ್ದ ಪದಗಳ ಗುಟ್ಟೇ ಇದು. ನಿಮ್ಮ ಅಜ್ಜಿ ದಿನಾ "ಹೇಳಿಬಿಡಬೇಕಾಗಿತ್ತಲ್ಲವೇನೇ" ಅನ್ನುತ್ತಾರಲ್ಲ, ಅದನ್ನು ಬರೆದು ನೋಡು. ಹೇಳಿ, ಬಿಡು, ಬೇಕು, ಆಗಿತ್ತು, ಅಲ್ಲವೇ, ಏನೇ ಎಲ್ಲ ಕೈಕೈ ಹಿಡಿದು ನಿಂತಿವೆ. ಕನ್ನಡ ಗೊತ್ತಿಲ್ಲದವರಿಗೆ ಅದು ಬೆಟ್ಟದಷ್ಟು. ನೀನು ಎರಡು ವರ್ಷದವಳಿದ್ದಾಗಲೇ ಅದನ್ನು ಕೇಳಿ ಅರ್ಥ ಮಾಡಿಕೊಂಡೆ. ಸಂಧಿ ಬಿಡಿಸುವುದಕ್ಕೆ ಹೈಸ್ಕೂಲಿನಲ್ಲಿ ಪೂರ್ತಿ ಮಾರ್ಕ್ಸ್ ತಗೊಂಡವಳು ನೀನು. ಆ ಕೆಲಸವನ್ನೇ ಇಲ್ಲೂ ಮಾಡು.

ಓಟೋರೈನೋಲ್ಯಾರಿಂಗಾಲಜಿ ಅಂತ ಬೋರ್ಡ್ ನೋಡಿದರೆ ನಿಲ್ಲು. ಓಟೋ ಅಂದರೆ ಕಿವಿ. ರೈನೋ ಅಂದರೆ ಮೂಗು. ಖಡ್ಗಮೃಗಕ್ಕೆ ರೈನೋ ಅನ್ನುವುದೂ ಮೂಗಿನ ಮೇಲೆ ಕೊಂಬಿದೆ ಅಂತಲೇ. ಲ್ಯಾರಿಂಕ್ಸ್ ಅಂದರೆ ಗಂಟಲೊಳಗಿನ ಧ್ವನಿಪೆಟ್ಟಿಗೆ. ಮುಗೀತು, ಕಿವಿ ಮೂಗು ಗಂಟಲಿನ ವಿಭಾಗ. ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ: ಗ್ಯಾಸ್ಟ್ರೈಟಿಸ್ ಹೊಟ್ಟೆಯದು, ಹೆಪಟೈಟಿಸ್ ಲಿವರ್‌ನದು, ಆರ್ಥ್ರೈಟಿಸ್ ಕೀಲಿನದು. ಎಕ್ಟಮಿ ಬಂದರೆ ಕತ್ತರಿಸಿ ತೆಗೆಯುವುದು. ಇಂಥ ಐವತ್ತು ತುಂಡು ಗೊತ್ತಾದರೆ ನಿನ್ನ ಪುಸ್ತಕ ಅರ್ಧ ಹಗುರಾಗುತ್ತದೆ.

ಕೆಲವು ಉದ್ದ ಪದ ಸುಮ್ನೆ ಸಂತೋಷಕ್ಕೆ ಹುಟ್ಟಿದವು. ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್ ಅಂತ ಒಂದಿದೆ, 29 ಅಕ್ಷರ. 2018ರಲ್ಲಿ ಶಶಿ ತರೂರ್ ಟ್ವೀಟ್‌ನಲ್ಲಿ ಬಳಸಿದಾಗ ಎಲ್ಲರೂ ಡಿಕ್ಷನರಿ ಹುಡುಕಿದರು. ವಿಲಿಯಂ ಶೆನ್‌ಸ್ಟೋನ್ ಅನ್ನುವ ಇಂಗ್ಲಿಷ್ ಕವಿ 1741ರಲ್ಲೇ ಒಂದು ಪತ್ರದಲ್ಲಿ ಅದನ್ನು ಬರೆದಿದ್ದ. ಯಾವುದನ್ನಾದರೂ ಬೆಲೆಯಿಲ್ಲದ್ದು ಅಂತ ತಳ್ಳಿಹಾಕುವುದು ಅಂತ ಅರ್ಥ. ಒಳಗಿರುವುದು ನಾಲ್ಕು ಲ್ಯಾಟಿನ್ ಪದ. ಒಂದು ಉಣ್ಣೆಯ ಎಳೆ, ಒಂದು ಕೂದಲು, ಒಂದು ಏನೂ ಇಲ್ಲ, ಇನ್ನೊಂದು ಕ್ಷುಲ್ಲಕ. ನಾವು ತೃಣಸಮಾನ ಅನ್ನುವುದಿಲ್ಲವೇ? ಅವರಿಗೆ ಉಣ್ಣೆ ಎಳೆ ನೆನಪಾಯಿತು, ನಮಗೆ ಹುಲ್ಲುಕಡ್ಡಿ. ಇದು ನನಗೆ ತುಂಬಾ ಇಷ್ಟವಾದ ಹೋಲಿಕೆ.

ಈಗ ನಿನಗೆ ಇದುವರೆಗೂ ಹೇಳದ ಒಂದು ವಿಷಯ ಹೇಳುತ್ತೇನೆ.

ಇಂಗ್ಲಿಷ್ ಡಿಕ್ಷನರಿಗಳಲ್ಲಿ ಸಿಗುವ ಅತಿ ಉದ್ದದ ಪದ ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. 45 ಅಕ್ಷರ. 1935ರಲ್ಲಿ ಅಮೆರಿಕದ ನ್ಯಾಷನಲ್ ಪಝಲರ್ಸ್ ಲೀಗ್ ಅನ್ನುವ ಪದಬಂಧ ಪ್ರಿಯರ ಸಂಘದ ಅಧ್ಯಕ್ಷ ಎವೆರೆಟ್ ಸ್ಮಿತ್ ಇದನ್ನು ಕಟ್ಟಿದ. ಎಲ್ಲಕ್ಕಿಂತ ಉದ್ದದ ಪದ ಆಗಲಿ ಅಂತಲೇ ಕಟ್ಟಿದ್ದು. ಆಮೇಲೆ ಆಕ್ಸ್‌ಫರ್ಡ್ ಡಿಕ್ಷನರಿಗೂ ಸೇರಿತು. ಬಿಡಿಸು: ಶ್ವಾಸಕೋಶ, ಮಿತಿ ಮೀರಿದ, ಕಣ್ಣಿಗೆ ಕಾಣದಷ್ಟು ಸಣ್ಣ, ಸಿಲಿಕಾ, ಜ್ವಾಲಾಮುಖಿ, ಧೂಳು, ಕಾಯಿಲೆ. ತೀರಾ ಸಣ್ಣ ಸಿಲಿಕಾ ಧೂಳು ಎದೆಗೆ ಹೋಗಿ ಬರುವ ರೋಗ. ಡಾಕ್ಟರುಗಳು ಆ ರೋಗಕ್ಕೆ ಬಳಸುವ ಪದ ಚಿಕ್ಕದು, ಸಿಲಿಕೋಸಿಸ್.

ನಿನ್ನ ತಾತನಿಗೆ ಇದ್ದದ್ದು ಅದೇ ಪುಟ್ಟಿ.

ನಮ್ಮಪ್ಪ ಇಪ್ಪತ್ತೆರಡು ವರ್ಷ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದರು. ಬಂಡೆಗೆ ತೂತು ಕೊರೆಯುವ ಕೆಲಸ. ಮೂಗಿಗೆ ಒಂದು ಟವೆಲ್ ಕಟ್ಟಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬು ಕೂಡ ಬೆಳ್ಳಗಿರುತ್ತಿತ್ತು. ಕಣ್ಣಿಗೆ ಕಾಣುವ ಧೂಳು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ತುದಿಯವರೆಗೂ ಹೋಗಿ ಕೂತು, ಅಲ್ಲಿ ಗಾಯದ ಕಲೆ ಮಾಡುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಕೆಲಸ ಬಿಟ್ಟ ಮೇಲೂ ಕಾಯಿಲೆ ಬೆಳೆಯಬಹುದು. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದ ಎಷ್ಟೋ ಜನರನ್ನು ಕಾಡಿದ್ದೂ ಇದೇ.

ಮೊದಲು ಟಿಬಿ ಅಂದರು. ಅಪ್ಪ ತಿಂಗಳುಗಟ್ಟಲೆ ಮಾತ್ರೆ ನುಂಗಿದರು. ಆಮೇಲೆ ಊರಾಚೆಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ಚೀಟಿಯಲ್ಲಿ ಸಿಲಿಕೋಸಿಸ್ ಅಂತ ಬರೆದರು. ನಾನು ಆಗ ಪಿಯುಸಿ. ಏನು ಹಾಗಂದರೆ ಅಂತ ಕೇಳಿದೆ. "ಲಂಗ್ಸ್ ಪ್ರಾಬ್ಲಂ" ಅಂದರು. ಅಪ್ಪ ಆ ಚೀಟಿಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ "ಏನಂತೆ ಮಗಾ, ಅದೇನು ಹೆಸರು?" ಅಂತ ಕೇಳುತ್ತಿದ್ದರು. ನನಗೆ ಹೇಳಲು ಬರಲಿಲ್ಲ. ಅದು ಬಂಡೆಯ ಧೂಳು ಅಂತ ನನಗೆ ಗೊತ್ತಾದದ್ದು ಅವರು ಹೋದ ಎಷ್ಟೋ ದಿನದ ಮೇಲೆ, ಟೀಚರ್ ಆಗಲು ಟಿ.ಸಿ.ಎಚ್. ತರಬೇತಿ ಓದುವಾಗ, ಲೈಬ್ರರಿಯ ಡಿಕ್ಷನರಿಯಲ್ಲಿ. ಅವತ್ತು ಆ ಪುಟದ ಮುಂದೆ ಕೂತು ಅತ್ತೆ. ಆ ಹೆಸರು ಬಿಡಿಸಿ ಹೇಳುವುದಕ್ಕೆ ಯಾರಿಗಾದರೂ ಎರಡು ನಿಮಿಷ ಸಾಕಾಗಿತ್ತು.

ನೀನು ನರ್ಸಿಂಗ್ ಓದುತ್ತೇನೆ ಅಂದಾಗ ನಾನು ಯಾಕೆ ಅಷ್ಟು ಹಿಗ್ಗಿದೆ ಅಂತ ಈಗ ಗೊತ್ತಾಯಿತಲ್ಲ? ಪರೀಕ್ಷೆಗೆ ಇಂಗ್ಲಿಷ್ ಪದ ಸ್ಪೆಲ್ಲಿಂಗ್ ಸಮೇತ ಕಲಿ. ಅದು ಬೇಕೇ ಬೇಕು. ಆದರೆ ನಿನ್ನ ವಾರ್ಡಿಗೆ ಕಲ್ಲು ಒಡೆಯುವವರು ಯಾರಾದರೂ ಬಂದರೆ, ಪಕ್ಕದಲ್ಲಿ ಕೂತು, "ಅಪ್ಪಾಜಿ, ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ" ಅಂತ ಹೇಳು. ನಗುವವರಲ್ಲಿ ಎಷ್ಟು ಜನಕ್ಕೆ ಅದನ್ನು ಅವರ ಭಾಷೆಯಲ್ಲಿ ಹೇಳಲು ಬರುತ್ತದೋ ನನಗೆ ಅನುಮಾನ. ನಿನಗೆ ಬರುತ್ತದೆ.

ಚಟ್ನಿಪುಡಿ ಜೊತೆಗೆ ನನ್ನ ಹಳೆಯ ಡಿಕ್ಷನರಿ ಕಳಿಸಿದ್ದೇನೆ. ಬೆನ್ನು ಕಿತ್ತಿದೆ, ಹುಷಾರಾಗಿ ಬಿಚ್ಚು. ಎಸ್ ಅಕ್ಷರದ ಪುಟಗಳ ನಡುವೆ ತಾತನ ಆ ಚೀಟಿ ಇದೆ, ಕಳೆಯಬೇಡ. ಭಾನುವಾರ ಫೋನ್ ಮಾಡಿದಾಗ ಬಿಪಿ ಮಷೀನಿನ ಪೂರ್ತಿ ಹೆಸರು ನಿಧಾನವಾಗಿ ಹೇಳು. ಅಜ್ಜಿಯೂ ಕೇಳಬೇಕಂತೆ.

ನಿನ್ನ
ಅಮ್ಮ