ದಿ ಕೀಪ್‌ನ ಸಿಬ್ಬಂದಿಗೆ ಮನಸಾರೆ ಧನ್ಯವಾದ

ನಮ್ಮ ಇತಿಹಾಸದ ನಡಿಗೆ ಮೊನ್ನೆ ಭಾನುವಾರ ಚೆನ್ನಾಗಿ ಮುಗಿಯಿತು. ಇಂಗ್ಲೆಂಡಿನ ಬ್ರೈಟನ್ ಸುತ್ತಮುತ್ತಲಿನ ಕನ್ನಡದ ಮನೆಗಳವರು ಮಕ್ಕಳು ಮರಿ ಎಲ್ಲ ಸೇರಿ ಇಲ್ಲಿನ ಹಳೆಯ ಅರಮನೆ ರಾಯಲ್ ಪೆವಿಲಿಯನ್ ಸುತ್ತಿದೆವು. ಆಮೇಲೆ ಬಸ್ಸು ಹಿಡಿದು ಪ್ಯಾಚಮ್‌ಗೆ ಹೋಗಿ, ಅಲ್ಲಿಂದ ಗುಡ್ಡ ಹತ್ತಿ, ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ ಭಾರತದ ಸೈನಿಕರ ನೆನಪಿನ ಛತ್ರಿ ಸ್ಮಾರಕದವರೆಗೆ ನಡೆದೆವು. ಎಲ್ಲರೂ ನನಗೆ ಥ್ಯಾಂಕ್ಸ್ ಹೇಳುತ್ತಿದ್ದಾರೆ. ಆದರೆ ಆ ದಿನ ನಾನು ಹೇಳಿದ ಕಥೆಯಲ್ಲಿ ಜಾಸ್ತಿ ಪಾಲು ದಿ ಕೀಪ್‌ನಲ್ಲಿ ಕೆಲಸ ಮಾಡುವವರದು. ಅದನ್ನು ಎಲ್ಲರೆದುರೇ ಹೇಳಬೇಕು ಅನ್ನಿಸಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಿ ಕೀಪ್ ಅಂದರೆ ಈಸ್ಟ್ ಸಸೆಕ್ಸ್ ಕೌಂಟಿಯ ಹಳೆಯ ದಾಖಲೆಗಳನ್ನು ಇಟ್ಟಿರುವ ಜಾಗ. 2013ರಲ್ಲಿ ಶುರುವಾದ ಕಟ್ಟಡ, ಆದರೆ ಒಳಗಿರುವ ಕಾಗದಪತ್ರಗಳಲ್ಲಿ 900 ವರ್ಷಗಳಷ್ಟು ಹಳೆಯವೂ ಇವೆ. ಯಾರು ಬೇಕಾದರೂ ಹೋಗಬಹುದು, ದುಡ್ಡು ಕೊಡಬೇಕಿಲ್ಲ.

ನಾನು ಹೋಗಿ ಕೇಳಿದ್ದು ಇಷ್ಟೇ: ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತದ ಸೈನಿಕರು ಈ ಊರಲ್ಲಿದ್ದರಂತೆ, ಅವರ ಬಗ್ಗೆ ಏನಾದರೂ ಇದೆಯಾ? ಮೇಜಿನ ಆಚೆ ಕೂತಿದ್ದ ಮೇಡಂ ಕಂಪ್ಯೂಟರ್ ಮುಟ್ಟಲೇ ಇಲ್ಲ, ನನ್ನನ್ನೇ ಪ್ರಶ್ನೆ ಕೇಳಿದರು. ಯಾವ ಆಸ್ಪತ್ರೆ? ಅರಮನೆಯದ್ದಾ, ಯಾರ್ಕ್ ಪ್ಲೇಸ್ ಶಾಲೆಯದ್ದಾ, ಗತಿಯಿಲ್ಲದ ಬಡವರನ್ನು ಇಟ್ಟುಕೊಂಡು ಕೆಲಸ ಮಾಡಿಸುತ್ತಿದ್ದ ವರ್ಕ್‌ಹೌಸ್ ಖಾಲಿ ಮಾಡಿಸಿ ಮಾಡಿದ ಕಿಚನರ್ ಆಸ್ಪತ್ರೆಯಾ? ಸೈನಿಕರ ಬಗ್ಗೆ ಬೇಕಾ, ಊರಿನವರ ಬಗ್ಗೆ ಬೇಕಾ? ಸೈನಿಕರು ಮನೆಗೆ ಬರೆದ, ಸೆನ್ಸಾರ್ ಆದ ಕಾಗದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಇಲ್ಲಿ ಸಿಗುವುದು ಊರಿನ ಕಡೆಯ ಕಥೆ ಅಂತ ಮೊದಲೇ ಬಿಡಿಸಿ ಹೇಳಿದರು. ನನ್ನ ಎಷ್ಟು ಓಡಾಟ ಉಳಿಯಿತೋ! ಯಾವ ಕಟ್ಟಿನಲ್ಲಿ ಏನು ಇರುವುದಿಲ್ಲ ಅಂತಲೂ ಗೊತ್ತಿರುವವರು ಸಿಗುವುದು ದೊಡ್ಡ ಭಾಗ್ಯ.

ಆಮೇಲೆ ಹಳೆಯ ಪತ್ರಿಕೆ, ನಕ್ಷೆ, ಫೋಟೋ ಅಂತ ಒಂದೊಂದೇ ಎಳೆ ಸಿಗುತ್ತಾ ಹೋಯಿತು. ಓದುವ ಕೋಣೆಯಲ್ಲಿ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಹಳೆಯ ಪುಸ್ತಕವನ್ನು ಮೆತ್ತನೆಯ ಸ್ಪಂಜಿನ ಮೇಲೆ ಹೇಗೆ ಬಿಚ್ಚಿಡಬೇಕು ಅಂತ ಒಬ್ಬ ಹುಡುಗ ಪಕ್ಕದಲ್ಲೇ ನಿಂತು ತೋರಿಸಿಕೊಟ್ಟ. ಅವಸರ ಅನ್ನುವುದೇ ಇಲ್ಲ ಆ ಜನಕ್ಕೆ.

ಮಕ್ಕಳಿಗೆ ತುಂಬಾ ಹಿಡಿಸಿದ್ದು ಅರಮನೆಯ ಕಥೆ. ಆ ಅರಮನೆ ನಾಲ್ಕನೇ ಜಾರ್ಜ್ ಮೋಜಿಗೆ ಕಟ್ಟಿಸಿಕೊಂಡದ್ದು. 1914ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಫ್ರಾನ್ಸಿನ ಯುದ್ಧಭೂಮಿಯಿಂದ ಭಾರತದ ಗಾಯಾಳುಗಳು ಬಂದರು. ರಾಜನ ದೊಡ್ಡ ಅಡುಗೆಮನೆ ಆಪರೇಷನ್ ಕೋಣೆಯಾಯಿತು, ಕುದುರೆ ಕಟ್ಟುತ್ತಿದ್ದ ಡೋಮ್ ಕಟ್ಟಡ ವಾರ್ಡ್ ಆಯಿತು. ಜಾತಿ ಮತದ ಕಟ್ಟಳೆ ಕೆಡಬಾರದು ಅಂತ ಒಂಬತ್ತು ಅಡುಗೆಮನೆ ಮಾಡಿದ್ದರು, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನೀರಿನ ನಲ್ಲಿ. ಸಿಖ್ಖರ ಪ್ರಾರ್ಥನೆಗೆ ತೋಟದಲ್ಲಿ ಡೇರೆ. 1915ರ ಆಗಸ್ಟ್‌ನಲ್ಲಿ ಜಮಾದಾರ್ ಮೀರ್ ದಸ್ತ್‌ಗೆ ಐದನೇ ಜಾರ್ಜ್ ದೊರೆ ಶೌರ್ಯದ ಅತಿ ದೊಡ್ಡ ಪದಕವಾದ ವಿಕ್ಟೋರಿಯಾ ಕ್ರಾಸ್ ಕೊಟ್ಟದ್ದು ಇದೇ ಪೆವಿಲಿಯನ್ನಿನಲ್ಲಿ. ಇದೆಲ್ಲ ಪ್ರೀತಿಯಿಂದಲೇ ಮಾಡಿದ್ದು ಅಂತ ನಾನು ಹೇಳಲಾರೆ, ಭಾರತದಲ್ಲಿ ಒಳ್ಳೆಯ ಹೆಸರು ಬರಲಿ ಅನ್ನುವ ಲೆಕ್ಕವೂ ಇತ್ತು. ಕಿಚನರ್ ಆಸ್ಪತ್ರೆಯಲ್ಲಿದ್ದ ಸೈನಿಕರನ್ನು ಬೇಲಿ ಹಾಕಿ ಕಾಯುತ್ತಿದ್ದರು. ಒಳ್ಳೆಯದು, ಕೆಟ್ಟದು ಎರಡನ್ನೂ ಒಟ್ಟಿಗೇ ಹೇಳಿ ಅಂತ ಆ ಮೇಡಂ ಮತ್ತೆ ಮತ್ತೆ ಹೇಳಿದ್ದರು. ಅದಕ್ಕೆ ಅವರಿಗೆ ಇನ್ನೊಂದು ನಮಸ್ಕಾರ.

ಇಲ್ಲಿ ತೀರಿಕೊಂಡವರಲ್ಲಿ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಪ್ಯಾಚಮ್ ಗುಡ್ಡದ ಮೇಲೆ ಸುಟ್ಟರು. ಮುಸ್ಲಿಮರನ್ನು ವೋಕಿಂಗ್ ಮಸೀದಿಯ ಹತ್ತಿರ ಮಣ್ಣು ಮಾಡಿದರು. ಚಿತೆ ಉರಿದ ಜಾಗದಲ್ಲಿ 1921ರಲ್ಲಿ ಬಿಳಿ ಅಮೃತಶಿಲೆಯ ಛತ್ರಿ ಎದ್ದಿತು. ಆದರೆ ಆ 53 ಜನರ ಹೆಸರು ಅಲ್ಲಿ ಕಲ್ಲಿನ ಮೇಲೆ ಬಂದದ್ದು 2010ರಲ್ಲಿ! ಸುಮಾರು 90 ವರ್ಷ ಆದಮೇಲೆ ಅಲ್ವಾ.

ನಮ್ಮ ಮೈಸೂರಿನವರು ಯಾರಾದರೂ ಇದ್ದರಾ ಅಂತ ಎಲ್ಲರೂ ಕೇಳಿದರು. ನಾನೂ ಮೊದಲು ಅದನ್ನೇ ಕೇಳಿದ್ದೆ. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಹೋಗಿದ್ದು ಈಜಿಪ್ಟ್ ಕಡೆಗೆ, ಆಮೇಲೆ 1918ರಲ್ಲಿ ಈಗಿನ ಇಸ್ರೇಲಿನ ಹೈಫಾಗೆ. ಛತ್ರಿಯ ಪಟ್ಟಿಯಲ್ಲಿ ಗಢ್ವಾಲಿಗಳು, ಗೂರ್ಖಾಗಳು, ಸಿಖ್ಖರು ಇದ್ದಾರೆ. ಆದರೂ ನಮ್ಮ ಮಕ್ಕಳು ಸಾಲಾಗಿ ನಿಂತು ಅಷ್ಟೂ ಹೆಸರನ್ನು ಜೋರಾಗಿ ಓದಿದರು. ತಪ್ಪು ಉಚ್ಚಾರ ಬಂದಾಗ ನಡುವೆ ನಿಲ್ಲಿಸಿ ಮತ್ತೆ ಓದಿದರು. ನನ್ನ ಗಂಟಲು ಕಟ್ಟಿತು.

ಸ್ಟೋರಿನಿಂದ ಕಟ್ಟು ಹೊತ್ತು ತಂದುಕೊಟ್ಟವರಿಗೆ, ಇಂಗ್ಲಿಷಿನ ಹಳೆಯ ಕೈಬರಹ ಓದಲು ಕಲಿಸಿದ ಹಿರಿಯ ಸ್ವಯಂಸೇವಕರಿಗೆ, ಪ್ರತಿ ವರ್ಷ ಜೂನ್‌ನಲ್ಲಿ ಛತ್ರಿಯ ಬಳಿ ಸ್ಮರಣೆ ನಡೆಸಿಕೊಂಡು ಬರುತ್ತಿರುವ ಇಲ್ಲಿನ ಜನರಿಗೆ ನಾವೆಲ್ಲ ಋಣಿಗಳು. ಮುಂದೆ ಕಿಚನರ್ ಆಸ್ಪತ್ರೆಯ ಜಾಗಕ್ಕೇ ಒಂದು ನಡಿಗೆ ಮಾಡುವ ಆಸೆಯಿದೆ. ಅಲ್ಲಿಂದ ಹೊರಡಿಸಿದ ಬಡವರು ಎಲ್ಲಿಗೆ ಹೋದರು ಅಂತ ನೋಡಬೇಕು. ಜೊತೆಗೆ ಕೂತು ಹುಡುಕುವವರು ಬೇಕು, ಬರುವವರು ಹೇಳಿ. ಯಾವ ದಾಖಲೆ ಬೇಕು ಅಂತ ಮೊದಲೇ ತಿಳಿಸಿದರೆ ಅವರು ತೆಗೆದಿಟ್ಟಿರುತ್ತಾರೆ.