ಭಾನುವಾರದ ಓದು: ‘ಮೀಶ’

ಎಲ್ಲರಿಗೂ ನಮಸ್ಕಾರ. ಈ ಸಲ ಎಸ್. ಹರೀಶ್ ಅವರ ಮಲಯಾಳಂ ಕಾದಂಬರಿ ‘ಮೀಶ’, ಅಂದರೆ ನಮ್ಮ ಮೀಸೆಯೇ. 2018ರಲ್ಲಿ ‘ಮಾತೃಭೂಮಿ’ ವಾರಪತ್ರಿಕೆಯಲ್ಲಿ ಮೂರೇ ಕಂತು ಬಂದಿತ್ತು. ಮನೆಯವರಿಗೂ ಬೆದರಿಕೆ ಬಂದಾಗ ಲೇಖಕರೇ ಹಿಂತೆಗೆದುಕೊಂಡರು. ಕಾರಣ, ದೇವಸ್ಥಾನಕ್ಕೆ ಹೋಗುವ ಹೆಂಗಸರ ಬಗ್ಗೆ ಪಾತ್ರವೊಂದು ಆಡುವ ಮಾತು. ಮಾತು ಕೊಳಕೇ, ಆದರೆ ಆಡಿದ್ದು ಪಾತ್ರ. ನಿಷೇಧ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 5ರಂದು ವಜಾ ಮಾಡಿತು.

ಆ ನಾಲ್ಕು ಸಾಲಿನ ತುಣುಕನ್ನಷ್ಟೇ ಇಲ್ಲಿ ಫಾರ್ವರ್ಡ್ ಮಾಡಬೇಡಿ. ನಾಟಕದಲ್ಲಿ ಪೊಲೀಸನಾಗಲು ಮೀಸೆ ಬಿಟ್ಟ ವಾವಚ್ಚನ್, ಆಮೇಲೆ ಬೋಳಿಸಲು ಒಪ್ಪದೆ ಕೇರಳದ ಕುಟ್ಟನಾಡಿನ ಗದ್ದೆಗಳಲ್ಲಿ ತಲೆಮರೆಸಿಕೊಳ್ಳುವ ಭಾಗ ಓದಿ ಬನ್ನಿ. ದಲಿತನ ಮುಖದ ಮೇಲಿನ ಮೀಸೆಗೆ ಊರೇಕೆ ನಡುಗಿತು, ಅಲ್ಲಿಂದ ಶುರು ಮಾಡೋಣ. ಮಲಯಾಳಂ ಬಾರದವರಿಗೆ ಜಯಶ್ರೀ ಕಳತ್ತಿಲ್ ಅವರ ಇಂಗ್ಲಿಷ್ ಅನುವಾದವಿದೆ. ಪಿಡಿಎಫ್ ಕೇಳಬೇಡಿ, ದಯವಿಟ್ಟು.